ಶಿವರಾತ್ರಿಗೇ ತುಂಬಿದ ಡಿಸ್ಕು

ಸತ್ತವರು ಕಂಪ್ಯೂಟರಿನೊಳಗೆ ಸೇರಿಕೊಳ್ಳುವುದುಂಟೇ ಎಂದು ಆ ಹೆಂಗಸು ಕೇಳಿದಾಗ ಕನಕರಾಜು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟ. ಹುಣಸೂರಿನಲ್ಲಿ ಅವನು ಕಂಪ್ಯೂಟರ್ ಅಂಗಡಿ ತೆರೆದು ಐದು ವರ್ಷವಾಗಿತ್ತು. ವೈರಸ್ ಹಿಡಿದಿದೆ, ಇಲಿ ವೈರು ಕಡಿದಿದೆ, ಮಕ್ಕಳು ಫ್ಲಾಪಿಯ ಬಾಯಿಗೆ ಬಿಸ್ಕತ್ತು ತುರುಕಿದ್ದಾರೆ ಎಂದು ಬಂದವರಿದ್ದರು. ಇಂಥ ದೂರು ತಂದವಳು ಇವಳೇ ಮೊದಲು.

ಅವಳ ಹೆಸರು ಸೌಂದರ್ಯ. ಬೀಚನಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ಗಂಡನ ಹೆಸರು ಮಹೇಂದ್ರ ಎಂದಾಗ ಕನಕರಾಜುವಿಗೆ ಆಸಾಮಿ ನೆನಪಾದ. ನಾಲ್ಕು ತಿಂಗಳ ಹಿಂದೆ, ಎರಡು ಸಾವಿರದ ಮೂರರ ನವೆಂಬರಿನಲ್ಲಿ, ಇದೇ ಸ್ಟೂಲಿನ ಮೇಲೆ ಕೂತು ಒಂದಿಡೀ ಮಧ್ಯಾಹ್ನ ಹಾರ್ಡ್ ಡಿಸ್ಕಿನ ಅಳತೆಯೊಂದನ್ನೇ ಚರ್ಚಿಸಿದ್ದವನು. ಕಬಿನಿ ಹಿನ್ನೀರಿನ ಒಂದು ರೆಸಾರ್ಟಿನಲ್ಲಿ ಅತಿಥಿಗಳನ್ನು ಜೀಪಿನಲ್ಲಿ ಕಾಡಿಗೆ ಕರೆದೊಯ್ಯುವ ಕೆಲಸ ಅವನದು. ಕಾಡಿನ ಸದ್ದಿನ ಹುಚ್ಚು. ತನ್ನ ಮನೆಯ ಕಿಟಕಿಗೆ ಮೈಕು ಕಟ್ಟಿ, ಪ್ರತಿ ಸಂಜೆ ಐದೂವರೆಯಿಂದ ಒಂದು ಗಂಟೆ, ಮೊದಲ ಮಳೆ ಬೀಳುವವರೆಗೆ ಒಂದು ದಿನವೂ ತಪ್ಪದೆ ಧ್ವನಿ ಹಿಡಿಯಬೇಕು ಎಂದಿದ್ದ. ಆ ಹೊತ್ತಿಗೆ ತಾನು ಜೀಪಿನಲ್ಲಿರುವುದರಿಂದ ಕಂಪ್ಯೂಟರು ತಾನೇ ಎದ್ದು, ತಾನೇ ಮಲಗಬೇಕಿತ್ತು.

ಮನೆಗೆ ಕಂಪ್ಯೂಟರು ಕೊಳ್ಳುವವರಿಗೆ ನಲವತ್ತು ಜಿಬಿ ಸಾಕು ಎಂದು ಕನಕರಾಜು ಎಲ್ಲರಿಗೂ ಹೇಳುತ್ತಿದ್ದ. ಇವನಿಗೆ ಮಾತ್ರ ರಟ್ಟಿನ ಪೆಟ್ಟಿಗೆಯ ಬೆನ್ನಿನ ಮೇಲೆ ಗುಣಿಸಿ ತೋರಿಸಿದ. ಒಂದು ಸಂಜೆಗೆ ಮುನ್ನೂರು ಎಂಬಿಗಿಂತ ತುಸು ಹೆಚ್ಚು. ನಲವತ್ತರದ್ದು ಅರ್ಧ ದಾರಿಯಲ್ಲೇ ಕೈಕೊಡುತ್ತದೆ, ಎಂಬತ್ತರದ್ದಾದರೆ ಮಳೆಯವರೆಗೂ ತಡೆಯುತ್ತದೆ. ಇವತ್ತಿನ ಅಗತ್ಯ ನೋಡಿ ಡಿಸ್ಕು ಕೊಳ್ಳಬೇಡಿ, ಕಡೆಯ ದಿನದ ಅಗತ್ಯ ನೋಡಿ ಕೊಳ್ಳಿ ಎಂದಿದ್ದ. ಎಂಬತ್ತರದ್ದನ್ನು ಮೈಸೂರಿನಿಂದ ತರಿಸಿ, ಸಮಯಕ್ಕೆ ಸರಿಯಾಗಿ ತಾನೇ ಏಳುವಂತೆ ಮಾಡಿ, ಪೆಟ್ಟಿಗೆಯ ಸಂದಿಗೆ ಅಂಗಡಿಯ ಚೀಟಿ ಅಂಟಿಸಿ ಕಳಿಸಿದ್ದ.

ಆ ಮಹೇಂದ್ರ ಜನವರಿ ಇಪ್ಪತ್ತೊಂಬತ್ತರ ಸಂಜೆ ಹಿನ್ನೀರಿನಲ್ಲಿ ಮುಳುಗಿ ಸತ್ತಿದ್ದ. ಕಾಲು ಜಾರಿರಬೇಕು ಎಂದು ಊರು ಮಾತಾಡಿಕೊಂಡಿತ್ತು. ಇಪ್ಪತ್ತು ದಿನ ಕಳೆದ ಮೇಲೆ, ಶಿವರಾತ್ರಿಯ ಸಂಜೆ, ಕತ್ತಲೆ ಪರದೆಯ ಕಂಪ್ಯೂಟರಿನಿಂದ ಅವನ ಧ್ವನಿ ಕೇಳಿತು. ಅಂದಿನಿಂದ ದಿನವೂ ಅದೇ ಹೊತ್ತಿಗೆ ಕೇಳುತ್ತಿತ್ತು.

ಏನನ್ನುತ್ತದೆ ಎಂದು ಕನಕರಾಜು ಕೇಳಿದ. ಸೌಂದರ್ಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಜಾಗ ತುಂಬೋಯ್ತು, ಇನ್ನು ಖಾಲಿ ಮಾಡು ಅಂತಾರೆ. ಮನೆ ಖಾಲಿ ಮಾಡು ಅಂತ ನಂಗೇ ಹೇಳ್ತಾವ್ರೆ ಅಂತ ಅತ್ತೆ ಅಂತಾರೆ. ಭಾನುವಾರ ಆ ಪೆಟ್ಟಿಗೇನ ನೀರಿಗೆ ಬುಟ್ಟು, ನನ್ನ ಪಿರಿಯಾಪಟ್ಟಣಕ್ಕೆ ತವರಿಗೆ ಕಳಿಸ್ತಾರಂತೆ."

ಕನಕರಾಜು ಅಂಗಡಿಯನ್ನು ಹೆಂಡತಿ ಪವಿತ್ರಾಳಿಗೆ ಒಪ್ಪಿಸಿ, ಸೌಂದರ್ಯಳನ್ನು ಹಿಂದಿನ ಬೀದಿಯ ಮಂಟಯ್ಯನವರ ಮನೆಗೆ ಕರೆದೊಯ್ದ. ಮಂಟಯ್ಯ ಮೂವತ್ತೈದು ವರ್ಷ ನಾಲ್ಕು ತಾಲ್ಲೂಕುಗಳ ಹೊಲ ಅಳೆದು ನಿವೃತ್ತರಾದ ಸರ್ವೇದಾರರು. ಗಡಿಕಲ್ಲು ಕಿತ್ತವನನ್ನು ಹಿಡಿಯುತ್ತ ಹಿಡಿಯುತ್ತ ಬೇರೆ ಕಳ್ಳರನ್ನೂ ಹಿಡಿಯುವುದು ಅವರಿಗೆ ಅಭ್ಯಾಸವಾಗಿತ್ತು. ಪೊಲೀಸರಿಗೆ ಬಗೆಹರಿಯದ ಮೂರು ಪ್ರಕರಣಗಳಲ್ಲಿ ಕನಕರಾಜು ಅವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ತಿರುಗಿದ್ದ. ಕಂಪ್ಯೂಟರು ಹೊತ್ತಿಸುವುದು ಹೇಗೆಂದು ಅವರಿಗೆ ಇಂದಿಗೂ ತಿಳಿಯದು.

ಮಂಟಯ್ಯ ಎಲ್ಲವನ್ನೂ ಕೇಳಿಸಿಕೊಂಡು ಎರಡೇ ಪ್ರಶ್ನೆ ಕೇಳಿದರು. ಗಂಡ ಸಾಯುವ ಮುಂಚೆ ಏನಾದರೂ ಬದಲಾವಣೆ ಕಂಡಿತ್ತೇ? ಕಂಡಿತ್ತು. ಕಡೆಯ ಎರಡು ದಿನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹಿಡಿದ ಸದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದ, ಊಟ ಮುಟ್ಟಲಿಲ್ಲ. ಗೆಳೆಯ ವಸಂತನನ್ನು ಒಂದು ಮಾತು ಕೇಳಬೇಕು ಎಂದಿದ್ದ. ಪೆಟ್ಟಿಗೆ ತಾನಾಗಿ ಹೊತ್ತಿಕೊಳ್ಳಲು ಶುರುವಾದದ್ದು ಶಿವರಾತ್ರಿಯಿಂದಲೇ? ಅಲ್ಲ. ಮೊದಲಿನಿಂದಲೂ ಸಂಜೆಯಾದರೆ ಒಳಗೆ ಗುಂಯ್ ಎನ್ನುತ್ತಿತ್ತು. ಅದು ಅವನ ಕೆಲಸ ಎಂದು ಅವಳು ಮುಟ್ಟುತ್ತಿರಲಿಲ್ಲ. ಅವನು ಹೋದ ಮೇಲೂ ನಿಲ್ಲಿಸಲು ಮನಸ್ಸು ಬರಲಿಲ್ಲ. ಮಾತಾಡಿದ್ದು ಮಾತ್ರ ಶಿವರಾತ್ರಿಯಿಂದ.

ಅಂದು ಶುಕ್ರವಾರ. ಅವಳನ್ನು ಬಸ್ಸಿಗೆ ಹತ್ತಿಸಿ ಇಬ್ಬರೂ ಬೈಕಿನಲ್ಲಿ ಹೊರಟರು.

ಮನೆ ಊರಿನ ಕಡೆಯ ದಿಣ್ಣೆಯ ಮೇಲಿತ್ತು. ಹಿಂದೆಯೇ ಹಿನ್ನೀರು. ಅಣೆಕಟ್ಟೆ ಕಟ್ಟಿದಾಗ ಮುಳುಗಿದ ಮರಗಳು ಇನ್ನೂ ನೀರಿನಲ್ಲಿ ನಿಂತಿದ್ದವು, ಎಲೆಯಿಲ್ಲ, ತೊಗಟೆಯಿಲ್ಲ, ಬೂದಿ ಬಣ್ಣದ ಕೈಗಳ ಹಾಗೆ. ಆಚೆ ದಡದಲ್ಲಿ ಕಾಕನಕೋಟೆಯ ಕಾಡು ಕಪ್ಪಗೆ ಕೂತಿತ್ತು. ಗಾಳಿಯಿರಲಿಲ್ಲ. ಕೊಕ್ಕರೆಯೊಂದು ಕೂಗಿದರೆ ಅದು ಎರಡು ಸಲ ಕೇಳುತ್ತಿತ್ತು.

ಕಂಪ್ಯೂಟರಿದ್ದ ಕೋಣೆಯಲ್ಲಿ ಮಹೇಂದ್ರನ ತಾಯಿ ಜಯಲಕ್ಷ್ಮಮ್ಮ ನೆಲದ ಮೇಲೆ ಕೂತಿದ್ದರು. ಪೆಟ್ಟಿಗೆಯ ಮುಂದೆ ದೀಪ, ಊದುಬತ್ತಿ, ಒಂದು ಲೋಟ ಹಾಲು. ಶಿವರಾತ್ರಿಯಿಂದ ಅವರು ಆ ಜಾಗ ಬಿಟ್ಟು ಏಳುತ್ತಿರಲಿಲ್ಲ, ಯಾರಿಗೂ ಅದನ್ನು ಮುಟ್ಟಗೊಡುತ್ತಿರಲಿಲ್ಲ. ಬಾಗಿಲ ಬಳಿ ದೊಡ್ಡ ಮಗ ಜವರಯ್ಯ ನಿಂತಿದ್ದ. ಅಲಸಂದೆ ಹೊಲದಿಂದ ನೇರ ಬಂದವನು, ಕಾಲಿನ ಮಣ್ಣು ಇನ್ನೂ ಒಣಗಿರಲಿಲ್ಲ. ತಮ್ಮನ ಮಾತು ಮೀರುವ ಹಾಗಿಲ್ಲ, ಸೌಂದರ್ಯ ಹೋಗಲೇಬೇಕು ಎನ್ನುವುದು ಅವನದೇ ಪಟ್ಟು. ಅವಳು ಹೋದರೆ ಮನೆ ಅವನ ಪಾಲಿಗೆ ಬರುತ್ತದೆ ಎಂದು ಕನಕರಾಜು ಮನಸ್ಸಿನಲ್ಲೇ ಗುರುತು ಹಾಕಿಕೊಂಡ.

ಇನ್ನೊಬ್ಬ ವಸಂತ್, ಮಹೇಂದ್ರನ ಗೆಳೆಯ. ಅದೇ ರೆಸಾರ್ಟಿನ ಆಫೀಸು, ಅಲ್ಲಿನ ಕಂಪ್ಯೂಟರುಗಳು, ಮೋಟಾರು ದೋಣಿಯ ಬೀಗ ಎಲ್ಲ ಅವನ ಕೈಯಲ್ಲಿದ್ದವು. ಅಚ್ಚುಕಟ್ಟು ಮಾತಿನ ಮನುಷ್ಯ. ಮಗನಿಲ್ಲದ ಮನೆಗೆ ಅವನೇ ಮಗನಾಗಿದ್ದಾನೆ ಎಂದು ಜಯಲಕ್ಷ್ಮಮ್ಮ ಹೊಗಳಿದರು. ಹನ್ನೊಂದನೆಯ ದಿನದ ತಿಥಿಗೆ ಊರಿಗೆ ಊರೇ ಹೊಳೆ ದಂಡೆಗೆ ಹೋದಾಗ ಬೆಳಗಿನಿಂದ ಮಧ್ಯಾಹ್ನದವರೆಗೆ ಮನೆ ಕಾದವನು ಅವನೊಬ್ಬನೇ ಅಂತೆ.

ಐದೂವರೆಗೆ ಯಾರೂ ಮುಟ್ಟದೆ ಪೆಟ್ಟಿಗೆಯೊಳಗೆ ಫ್ಯಾನು ತಿರುಗಿತು. ಸಣ್ಣ ಹಸಿರು ದೀಪ ಹೊತ್ತಿತು. ಪರದೆ ಕಪ್ಪಗೇ ಇತ್ತು. ತಾನೇ ಜೋಡಿಸಿಟ್ಟ ಯಂತ್ರವೆಂದು ಗೊತ್ತಿದ್ದರೂ ಕನಕರಾಜುವಿನ ಕುತ್ತಿಗೆಯ ಹಿಂದೆ ರೋಮ ಎದ್ದಿತು. ಒಂದೆರಡು ನಿಮಿಷ ಏನೂ ಇಲ್ಲ. ಆಮೇಲೆ ಸ್ಪೀಕರಿನಿಂದ ಅದೇ ಧ್ವನಿ, ಸ್ಟೂಲಿನ ಮೇಲೆ ಕೂತು ಡಿಸ್ಕಿನ ಅಳತೆ ಕೇಳಿದ್ದ ಧ್ವನಿ, ಪಕ್ಕದಲ್ಲೇ ನಿಂತವರೊಡನೆ ಆಡುವ ಹಾಗೆ ನಿಧಾನವಾಗಿ ಹೇಳಿತು.

"ಜಾಗ ತುಂಬೋಯ್ತು. ಇನ್ನು ಖಾಲಿ ಮಾಡು."

ಮೂರು ಸಲ ಹೇಳಿ ನಿಂತಿತು. ಫ್ಯಾನು ತಣ್ಣಗಾಯಿತು, ದೀಪ ಆರಿತು. ಜಯಲಕ್ಷ್ಮಮ್ಮ ಹಾಲಿನ ಲೋಟವನ್ನು ಇನ್ನೂ ಹತ್ತಿರಕ್ಕೆ ಸರಿಸಿದರು. ಸೌಂದರ್ಯ ಅಡುಗೆಮನೆಯ ಹೊಸಿಲಿನ ಆಚೆಯೇ ನಿಂತಿದ್ದಳು.

ಇದು ಯಂತ್ರದ ಕೆಲಸವಾಗಿರಬಹುದಲ್ಲ ಎಂದು ಮಂಟಯ್ಯ ವಸಂತನನ್ನೇ ಕೇಳಿದರು. ಅವನು ತಲೆಯಾಡಿಸಿದ. "ಹತ್ತು ವರ್ಷದಿಂದ ಕಂಪ್ಯೂಟರ್ ನೋಡ್ತಿದ್ದೀನಿ ಸಾರ್. ಒತ್ತೋರಿಲ್ದೆ ಅದು ಏಳಾಕಿಲ್ಲ, ಮಾತಾಡಾಕೂ ಇಲ್ಲ. ಇದನ್ನ ಇಟ್ಕಂಡ್ರೆ ಮನೆಗೆ ಒಳ್ಳೇದಲ್ಲ, ನೀರಿಗೆ ಬುಟ್ಬುಡನ ಅಂತ ನಾನೇ ಅಂದೆ."

ಇಬ್ಬರೂ ನೀರಾವರಿ ಇಲಾಖೆಯ ಬಂಗಲೆಯಲ್ಲಿ ಉಳಿದು ಶನಿವಾರ ಬೆಳಿಗ್ಗೆ ಮತ್ತೆ ಬಂದರು. ಮಂಟಯ್ಯ ಜಯಲಕ್ಷ್ಮಮ್ಮನ ಪಕ್ಕದಲ್ಲಿ ನೆಲದ ಮೇಲೇ ಕೂತು, ಮಗ ಏನು ಹೇಳಬೇಕೆಂದಿದ್ದಾನೋ ಪೂರ್ತಿ ಕೇಳಿಯೇ ಬಿಡೋಣ ಎಂದು ಅರ್ಧ ಗಂಟೆ ಒಪ್ಪಿಸಿದ ಮೇಲೆ ಅವರು ಸರಿದು ಜಾಗ ಕೊಟ್ಟರು.

ಪರದೆ ಬೆಳಗಿದ ಹತ್ತು ನಿಮಿಷದಲ್ಲಿ ಧ್ವನಿಯ ಗುಟ್ಟು ಬಯಲಾಯಿತು. ಸದ್ದು ಹಿಡಿಯುವ ಆ ಪ್ರೋಗ್ರಾಮಿನಲ್ಲಿ ಡಿಸ್ಕು ತುಂಬಿದಾಗ ಎಚ್ಚರಿಸಲು ಢಣ್ ಎನ್ನುವ ಗಂಟೆ ಸದ್ದೊಂದಿರುತ್ತದೆ. ಮಹೇಂದ್ರ ಅದನ್ನು ತೆಗೆದು ತನಗೆ ತಾನೇ ಹೇಳಿಕೊಳ್ಳುವ ಹಾಗೆ ತನ್ನ ಮಾತನ್ನು ಹಾಕಿಟ್ಟಿದ್ದ. ಖಾಲಿ ಮಾಡಬೇಕಾದದ್ದು ಡಿಸ್ಕನ್ನು. ಕನಕರಾಜು ಎದ್ದು ಸೌಂದರ್ಯಳಿಗೆ ಹೇಳಲು ಹೊರಟಾಗ ಮಂಟಯ್ಯ ತೋಳು ಹಿಡಿದು ಕೂರಿಸಿದರು.

"ಮಾತು ಯಾರದ್ದು ಅಂತ ಗೊತ್ತಾಯ್ತು. ಇಷ್ಟು ಬೇಗ ಯಾಕಾಡ್ತು ಅಂತ ಗೊತ್ತಾಗ್ಲಿಲ್ಲವಲ್ಲ. ಮಳೆಗಂಟ ಬತ್ತದೆ ಅಂದಿದ್ದೋನು ನೀನೇ ಅಲ್ವಾ?"

ಕನಕರಾಜು ಡಿಸ್ಕಿನ ಅಳತೆ ತೆಗೆದು ನೋಡಿದ. ಎಂಬತ್ತರ ಡಿಸ್ಕು ಪರದೆಯ ಮೇಲೆ ಎಪ್ಪತ್ತನಾಲ್ಕೂವರೆ ಎಂದು ಕಾಣುತ್ತದೆ. ಕಂಪನಿಯವರು ಎಣಿಸುವ ರೀತಿ ಬೇರೆ, ಕಂಪ್ಯೂಟರು ಎಣಿಸುವ ರೀತಿ ಬೇರೆ. ಇಲ್ಲಿ ಕಂಡದ್ದು ಮೂವತ್ತೇಳು. ನಲವತ್ತರ ಡಿಸ್ಕು ತೋರಿಸುವ ಅಂಕಿ ಅದು. ಅವನ ಕಿವಿ ಬಿಸಿಯಾಯಿತು. ಬಾಗಿಲಲ್ಲಿ ನಿಂತಿದ್ದ ವಸಂತ್ ಅದನ್ನು ಓದಿ, ಹುಣಸೂರಿನವರು ಎಂಬತ್ತೆಂದು ಹೇಳಿ ನಲವತ್ತನ್ನು ಕೊಟ್ಟಿದ್ದಾರೆ, ಪಾಪ ಮಹೇಂದ್ರನಿಗೆ ಗೊತ್ತೇ ಆಗಲಿಲ್ಲ ಎಂದು ಜವರಯ್ಯನಿಗೆ ಕೇಳುವಂತೆ ಹೇಳಿ ಹೋದ. ಜವರಯ್ಯ ಕನಕರಾಜುವಿನ ಮುಖವನ್ನೇ ನೋಡಿದ. ಆ ನೋಟ ಚುಚ್ಚಿತು.

ಪೆಟ್ಟಿಗೆಯ ಸಂದಿಗೆ ಅಂಟಿಸಿದ್ದ ಅಂಗಡಿಯ ಚೀಟಿ ಹರಿದಿತ್ತು. ಮುಚ್ಚಳ ತೆಗೆದು ಡಿಸ್ಕಿನ ನಂಬರು ಬರೆದುಕೊಂಡು, ಊರಿನ ಎಸ್‌ಟಿಡಿ ಬೂತಿನಿಂದ ಪವಿತ್ರಾಳಿಗೆ ಫೋನು ಮಾಡಿದ. ಅವಳು ಪುಸ್ತಕ ನೋಡಿ ಓದಿದ ನಂಬರೇ ಬೇರೆ. ತಾನು ಕಳಿಸಿದ ಡಿಸ್ಕು ಈ ಪೆಟ್ಟಿಗೆಯಲ್ಲಿಲ್ಲ ಎಂದು ಖಚಿತವಾದಾಗ ಅವನಿಗೆ ಒಂದು ಕ್ಷಣ ಸಮಾಧಾನವೇ ಆಯಿತು. ಆಮೇಲೆ, ಯಾರೋ ಬೇಕೆಂದೇ ಅದನ್ನು ಬದಲಿಸಿದ್ದಾರೆ ಎಂದು ಹೊಳೆದು ದಿಣ್ಣೆಯ ಕಡೆ ಓಡಿದ.

ಮಂಟಯ್ಯ ಮುಂದಿನ ಕೆಲಸ ಹಚ್ಚಿದರು. ದಿನಕ್ಕೊಂದರಂತೆ ನವೆಂಬರ್ ಹತ್ತರಿಂದ ಫೆಬ್ರವರಿ ಹದಿನೇಳರವರೆಗೆ ನೂರು ಧ್ವನಿಗಳಿರಬೇಕು. ಎಣಿಸಿದರೆ ತೊಂಬತ್ತೇಳು. ಜನವರಿ ಹದಿನಾರು, ಇಪ್ಪತ್ತೇಳು, ಇಪ್ಪತ್ತೊಂಬತ್ತು ಇರಲಿಲ್ಲ. ಇನ್ನೂ ಒಂದು ವಿಚಿತ್ರ ಕಂಡಿತು. ಫೆಬ್ರವರಿ ಎಂಟಕ್ಕಿಂತ ಹಿಂದಿನ ಎಂಬತ್ತೇಳೂ ಈ ಡಿಸ್ಕಿನಲ್ಲಿ ಹುಟ್ಟಿದ್ದು ಒಂದೇ ದಿನ, ಫೆಬ್ರವರಿ ಎಂಟರ ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡರ ನಡುವೆ. ಅದರ ನಂತರದ ಹತ್ತು ಮಾತ್ರ ಆಯಾ ಸಂಜೆಯೇ ಹುಟ್ಟಿದ್ದವು.

ಆ ಹತ್ತನ್ನೂ ಪೂರ್ತಿ ಕೇಳು ಎಂದರು ಮಂಟಯ್ಯ.

ಕನಕರಾಜು ಹೆಡ್‌ಫೋನ್ ಹಾಕಿಕೊಂಡು ಕೂತ. ಬದುಕಿನಲ್ಲಿ ಅಂಥ ದಿನ ಅವನು ಕಂಡಿರಲಿಲ್ಲ. ಯಜಮಾನ ಸತ್ತ ಮನೆಯ ಹತ್ತು ಸಂಜೆಗಳು ಒಂದರ ಹಿಂದೊಂದು ಅವನ ಕಿವಿಯೊಳಗೆ ನಡೆದವು. ನೀರು ದಡವನ್ನು ನೆಕ್ಕುವ ಸದ್ದು. ದೂರದಲ್ಲಿ ಆನೆ ಕೊಂಬೆ ಮುರಿದದ್ದು. ಬಾವಿಯ ರಾಟೆ. ಯಾರೋ ಕಿಟಕಿಯ ಪಕ್ಕದಲ್ಲೇ ನಿಂತು ಬಾಯಿಗೆ ಬಟ್ಟೆ ಒತ್ತಿಕೊಂಡು ಅತ್ತದ್ದು. ಅದು ಸೌಂದರ್ಯ ಎಂದು ತಿಳಿದು, ಕೇಳಬಾರದ್ದನ್ನು ಕೇಳುತ್ತಿದ್ದೇನೆ ಎನಿಸಿ ಎರಡು ಸಲ ನಿಲ್ಲಿಸಿದ. ಏಳನೆಯ ಸಂಜೆಯ ನಡುವೆ ಮೋಟಾರು ದೋಣಿಯೊಂದು ಬಂದು ಕಿಟಕಿಯ ಕೆಳಗೆ ನಿಂತಿತು. ಮಾತು ಶುರುವಾಯಿತು. ಅವನು ಹೆಡ್‌ಫೋನ್ ತೆಗೆದು ಮಂಟಯ್ಯನವರ ಕಿವಿಗಿಟ್ಟ. ಮುದುಕರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಎದ್ದು, ತಾಲ್ಲೂಕು ಠಾಣೆಯಿರುವ ಕೋಟೆಗೆ ಹೋಗಿ ಸಬ್‌ಇನ್ಸ್‌ಪೆಕ್ಟರನ್ನು ಕಂಡು ಬರೋಣ ಎಂದರು.

ಭಾನುವಾರ ಸಂಜೆ ನಾಲ್ಕಕ್ಕೆ ಎಲ್ಲರೂ ಆ ಕೋಣೆಯಲ್ಲಿ ಸೇರಿದರು. ಪೆಟ್ಟಿಗೆಗೆ ಅರಿಸಿನ ಕುಂಕುಮ ಹಚ್ಚಿ ಹೂ ಹಾಕಿದ್ದರು. ಸೌಂದರ್ಯಳ ಟ್ರಂಕು ಜಗುಲಿಯ ಮೇಲಿತ್ತು. ನೀರಿಗೆ ಒಯ್ಯಲು ವಸಂತ್ ದೋಣಿ ತಂದು ಕೆಳಗೆ ಕಟ್ಟಿದ್ದ. ಮಾಮೂಲು ಅಂಗಿ ತೊಟ್ಟ ಸಬ್‌ಇನ್ಸ್‌ಪೆಕ್ಟರು ಮಂಟಯ್ಯನವರ ನೆಂಟನಂತೆ ಬಾಗಿಲಿಗೊರಗಿ ಕೂತಿದ್ದ.

ಮಂಟಯ್ಯ ಮೊದಲು ಧ್ವನಿಯ ವಿಚಾರ ಹೇಳಿದರು. ಅದು ಪ್ರೇತದ ಮಾತಲ್ಲ, ಬದುಕಿದ್ದಾಗ ಮಹೇಂದ್ರ ತನಗೇ ಇಟ್ಟುಕೊಂಡ ಎಚ್ಚರಿಕೆ. ಸೊಸೆಗೆ ಹೇಳಿದ್ದಲ್ಲ, ಯಾರಿಗೂ ಹೇಳಿದ್ದಲ್ಲ. ಜಯಲಕ್ಷ್ಮಮ್ಮ ಪೆಟ್ಟಿಗೆಯನ್ನೇ ನೋಡುತ್ತ ಕೂತರು.

ಆ ಎಚ್ಚರಿಕೆ ಬರಬೇಕಾದದ್ದು ಜೂನಿನಲ್ಲಿ, ಎಂಬತ್ತರ ಡಿಸ್ಕು ತುಂಬಿದಾಗ. ಬಂದದ್ದು ಶಿವರಾತ್ರಿಗೆ, ಎಂದು ಅವರು ಮುಂದುವರಿಸಿದರು. ಹೊಲ ಅರ್ಧಕ್ಕರ್ಧ ಸಣ್ಣದಾಗಿದ್ದರೆ ಯಾರೋ ಗಡಿಕಲ್ಲು ಕಿತ್ತಿದ್ದಾರೆ ಎಂದೇ ಅರ್ಥ. ಅಂಗಡಿಯ ಪುಸ್ತಕದ ನಂಬರು ಒಂದು, ಒಳಗಿರುವ ಡಿಸ್ಕಿನದು ಇನ್ನೊಂದು, ಚೀಟಿ ಹರಿದಿದೆ. ಕನಕರಾಜು ಮೋಸ ಮಾಡಿದವನಾಗಿದ್ದರೆ ಹಳೆಯ ಧ್ವನಿಗಳು ಆಯಾ ದಿನವೇ ಹುಟ್ಟಿರಬೇಕಿತ್ತು. ಅವೆಲ್ಲ ಒಂದೇ ಬೆಳಿಗ್ಗೆ ಹುಟ್ಟಿವೆ. ಅಂದರೆ ಆ ಬೆಳಿಗ್ಗೆ ಹಳೇ ಡಿಸ್ಕಿನಿಂದ ಹೊಸದಕ್ಕೆ ನಕಲಾಗಿವೆ, ಮೂರು ಸಂಜೆ ಬಿಟ್ಟು. ಆ ಮೂರರಲ್ಲಿ ಕಡೆಯದು ಮಹೇಂದ್ರ ಸತ್ತ ಸಂಜೆ.

"ಫೆಬ್ರವರಿ ಎಂಟು ಯಾವ ದಿನ ಅಂತ ನೀವೇ ಹೇಳಿ, ಅಮ್ಮ."

ಜಯಲಕ್ಷ್ಮಮ್ಮ ಬೆರಳು ಮಡಿಚಿ ಎಣಿಸಿದರು. ತಿಥಿಯ ದಿನ ಎಂದರು. ಆಮೇಲೆ ಅವರ ತಲೆ ನಿಧಾನವಾಗಿ ವಸಂತನ ಕಡೆ ತಿರುಗಿತು.

ವಸಂತ್ ನಕ್ಕ. ಮನೆ ಕಾದದ್ದು ನಿಜ, ಆದರೆ ಅಷ್ಟಕ್ಕೆ ಕಳ್ಳನೆನ್ನುವುದೇ ಎಂದ. ಅಳಿಸಬೇಕಾಗಿದ್ದರೆ ಮೂರನ್ನು ಅಳಿಸಿದರಾಗಿತ್ತು, ಡಿಸ್ಕು ಯಾಕೆ ಬದಲಿಸಬೇಕು ಎಂದೂ ಕೇಳಿದ. ಅದಕ್ಕೆ ಕನಕರಾಜುವೇ ಉತ್ತರ ಕೊಟ್ಟ. ಅಳಿಸಿದ್ದನ್ನು ಮತ್ತೆ ತೆಗೆಯಬಹುದು ಎಂದು ಕಂಪ್ಯೂಟರು ಬಲ್ಲವನಿಗೆ ಗೊತ್ತು. ಡಿಸ್ಕನ್ನೇ ಕಾಣೆ ಮಾಡಿದರೆ ಭಯವಿಲ್ಲ. ಕೈಗೆ ಸಿಕ್ಕಿದ್ದು ನಲವತ್ತರದ್ದು. ಅಂದಿಗೆ ಇದ್ದ ಧ್ವನಿಗಳು ಅದರಲ್ಲಿ ಹಿಡಿಸಿದವು, ಸಾಕೆನಿಸಿತು. ನಕಲಿನ ಅವಸರದಲ್ಲಿ ಸಾವಿನ ಮುಂದಿನ ತಾರೀಕುಗಳನ್ನು ಅವನು ಗಮನಿಸಲಿಲ್ಲ. ಮಹೇಂದ್ರನಿಲ್ಲದೆಯೂ ಯಂತ್ರ ತಾನೇ ಎದ್ದು ದಿನವೂ ತುಂಬುತ್ತಲೇ ಇದೆ ಎನ್ನುವುದು ಅವನಿಗೆ ತಿಳಿದಿರಲಿಲ್ಲ. ತಿಳಿದದ್ದು ಶಿವರಾತ್ರಿಗೆ ಧ್ವನಿ ಬಂದಾಗ. ಅಷ್ಟು ಹೊತ್ತಿಗೆ ತಾಯಿ ಮುಂದೆ ಕೂತುಬಿಟ್ಟಿದ್ದರು, ಮುಟ್ಟುವಂತಿರಲಿಲ್ಲ.

"ಅದ್ಕೇ ನೀರ್ಗಾಕನ ಅಂದೆ," ಎಂದರು ಮಂಟಯ್ಯ. "ಈ ಮನೇಲಿ ಕಂಪ್ಯೂಟರ್ ಬಲ್ಲೋನು ನೀನೊಬ್ಬ. ಇದು ಕಂಪ್ಯೂಟರಿನ ಕೆಲ್ಸ ಅಲ್ಲ, ದೆವ್ವದ್ದು ಅಂದೋನೂ ನೀನೇ. ನಂಗೆ ಅಲ್ಲೇ ಕಾಲು ತೊಡರ್ತು ಕಣಪ್ಪ."

ಅವರು ಕಣ್ಸನ್ನೆ ಮಾಡಿದರು. ಕನಕರಾಜು ಫೆಬ್ರವರಿ ಹದಿನಾಲ್ಕರ ಸಂಜೆಯನ್ನು ಹಚ್ಚಿದ. ಕೋಣೆಯ ತುಂಬ ಹಿನ್ನೀರಿನ ಸದ್ದು ಹರಡಿತು. ದೋಣಿಯ ಮೋಟಾರು ಗೊರಗೊರ ಎಂದು ನಿಂತಿತು. ಅಪರಿಚಿತನೊಬ್ಬ ಮಲಯಾಳಿ ರಾಗದ ಕನ್ನಡದಲ್ಲಿ ಏನೋ ಕೇಳಿದ. ಆಮೇಲೆ ವಸಂತನ ಧ್ವನಿ, ಮಹೇಂದ್ರನದ್ದು ಬರುತ್ತಿದ್ದ ಅದೇ ಸ್ಪೀಕರಿನಿಂದ.

"ಹೆದರಬ್ಯಾಡ. ಗುಂಡಿನ ಸದ್ದಿದ್ದ ಎರಡು ದಿನದ್ದೂ ಇಲ್ಲ, ಅವತ್ತಿನ್ದೂ ಇಲ್ಲ. ಮಿಕ್ಕಿದ್ದೆಲ್ಲ ಅಂಗೇ ತುಂಬಿವ್ನಿ. ಹಳೇ ಡಿಸ್ಕ್‌ನ ನೀರ್ಗಾಕ್ದೆ, ಮಹೇಂದ್ರನ್ನ ಅದುಮಿದ್ದ ಮಡುವಿಗೇ. ಆನೆ ದಂತ ಈ ವಾರ ದಾಟಿಸ್ಬುಡು."

ಧ್ವನಿ ಮುಂದೆ ಹೋಯಿತು. ಮೋಟಾರು ಮತ್ತೆ ಹೊತ್ತಿಕೊಂಡು ದೂರವಾಯಿತು. ನೀರು ದಡ ನೆಕ್ಕುತ್ತಲೇ ಇತ್ತು. ವಸಂತ್ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟ. ಸಬ್‌ಇನ್ಸ್‌ಪೆಕ್ಟರು ಎದ್ದು ನಿಂತಿದ್ದ. ಅವನಿಗಿಂತ ಮೊದಲು ಜವರಯ್ಯ ವಸಂತನ ಅಂಗಿಯ ಕೊರಳು ಹಿಡಿದಿದ್ದ. ಹೊಡೆಯಲಿಲ್ಲ, ಬಿಡಲೂ ಇಲ್ಲ. ಅವನ ಬೆರಳು ಬಿಡಿಸಲು ಸಬ್‌ಇನ್ಸ್‌ಪೆಕ್ಟರಿಗೆ ಹೊತ್ತು ಹಿಡಿಯಿತು.

ಉಳಿದದ್ದು ವಸಂತ್ ಕೋಟೆಯ ಠಾಣೆಯಲ್ಲಿ ಹೇಳಿದ. ರೆಸಾರ್ಟಿನ ದೋಣಿಯಲ್ಲಿ ಆನೆ ಬೇಟೆಯ ಕೋವಿಯವರನ್ನು ಆಚೆ ದಡಕ್ಕೆ ದಾಟಿಸುತ್ತಿದ್ದವನು ಅವನು. ಎರಡು ಸಂಜೆ ಬಿದ್ದ ಗುಂಡು, ಅದರ ಬೆನ್ನಿಗೆ ಮಹೇಂದ್ರನಿಗೆ ಚೆನ್ನಾಗಿ ಪರಿಚಯವಿದ್ದ ಆ ಮೋಟಾರಿನ ಸದ್ದು ಅವನ ಮೈಕಿಗೆ ಸಿಕ್ಕಿದ್ದವು. ಪೊಲೀಸರಿಗೆ ಹೇಳುವ ಮುಂಚೆ ಗೆಳೆಯನನ್ನೇ ಒಂದು ಮಾತು ಕೇಳೋಣ ಎಂದುಕೊಂಡಿದ್ದ. ಅಂದು ಕೆಲಸಕ್ಕೆ ಹೋಗದೆ ಮನೆಯಲ್ಲಿ ಒಬ್ಬನೇ ಇದ್ದ ಅವನನ್ನು ವಸಂತ್ ಕಿಟಕಿಯ ಕೆಳಗಿನಿಂದ ಕೂಗಿ ದೋಣಿಗೆ ಹತ್ತಿಸಿಕೊಂಡ. ಕೂಗಿದ್ದು ಐದೂಮುಕ್ಕಾಲಿಗೆ, ಮೈಕು ಎಚ್ಚರವಾಗಿದ್ದ ಹೊತ್ತಿಗೆ.

ಮುಂದಿನ ಬುಧವಾರ ಕನಕರಾಜು ಮತ್ತೆ ಬೀಚನಹಳ್ಳಿಗೆ ಹೋದ. ನಲವತ್ತರ ಡಿಸ್ಕನ್ನು ಪೊಲೀಸರು ಒಯ್ದಿದ್ದರು. ಧ್ವನಿಗಳ ಒಂದು ನಕಲನ್ನು ಅವನು ಮೊದಲೇ ತೆಗೆದಿಟ್ಟಿದ್ದ. ಗಂಡ ಹಿಡಿದ ಕೆಲಸ ಮಳೆಯವರೆಗೂ ನಡೆಯಲಿ ಎಂದು ಸೌಂದರ್ಯ ಕೇಳಿದ್ದಳು. ಅವನು ಎಂಬತ್ತರ ಹೊಸ ಡಿಸ್ಕು ಕೂರಿಸಿ, ಎಲ್ಲವನ್ನೂ ತುಂಬಿ, ಎಚ್ಚರಿಕೆಯ ಧ್ವನಿಯನ್ನೂ ಇದ್ದ ಹಾಗೇ ಇಟ್ಟ.

ಐದೂವರೆಗೆ ಫ್ಯಾನು ತಿರುಗಿತು, ಹಸಿರು ದೀಪ ಹೊತ್ತಿತು. ಜಯಲಕ್ಷ್ಮಮ್ಮ ಕಿವಿಗೊಟ್ಟು ಕೂತರು. ಏನೂ ಕೇಳಲಿಲ್ಲ. ಯಾಕೆ ಮಾತಾಡುತ್ತಿಲ್ಲ ಎಂದು ಅವರು ಕೇಳಿದಾಗ, ಈಗ ಒಳಗೆ ಜಾಗವಿದೆ, ತುಂಬಿದಾಗ ಆಡುತ್ತಾನೆ ಎಂದ ಕನಕರಾಜು. ಯಾವಾಗ ಎಂದು ಕೇಳಿದರು. ನಡುವೆ ತಪ್ಪಿದ ದಿನಗಳನ್ನೂ ಸೇರಿಸಿ ಲೆಕ್ಕ ಹಾಕಿ, ಜುಲೈ ಮೊದಲ ವಾರ, ಮಳೆ ಹಿಡಿದ ಮೇಲೆ ಎಂದು ಹೇಳಿದ.

ಮುದುಕಿ ಹೊರಗೆ ಕಣ್ಣು ಹಾಯಿಸಿದರು. ಜಗುಲಿಯ ಮೇಲೆ ಟ್ರಂಕು ಇನ್ನೂ ಇತ್ತು. ಅದನ್ನು ಒಳಗೆ ತರಲು ಯಾರೂ ಹೇಳಿರಲಿಲ್ಲ, ಸೌಂದರ್ಯಳೂ ತಾನಾಗಿ ತಂದಿರಲಿಲ್ಲ.

"ನಂಗೆ ಈ ಮಿಷನ್ನು ನೋಡ್ಕಳಾಕೆ ಬರಾಕಿಲ್ಲ," ಎಂದರು ಕಡೆಗೆ, ಸೊಸೆಯ ಮುಖ ನೋಡದೆ. "ಅವನು ಮಾತಾಡೋಗಂಟ ನೀನು ಇಲ್ಲೇ ಇರು. ಆಮೇಕೂ ಇರು."

ಸೌಂದರ್ಯ ಹೊರಗೆ ಹೋಗಿ ಟ್ರಂಕಿನ ಒಂದು ಕಡೆಯ ಹಿಡಿ ಎತ್ತಿದಳು. ಇನ್ನೊಂದು ಕಡೆಯನ್ನು ಜವರಯ್ಯ ಹಿಡಿದ.